ರೂಡಿಗೆ ಕೊಟ್ಟ ಮಾತು

ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಾಗ ನಲ್ಲಿಯಲ್ಲಿ ನೀರು ನಿಂತಿತು.

ಶನಿವಾರ, ಬೆಳಿಗ್ಗೆ ಎಂಟೂವರೆ. ಹಿಂದಿನ ಸಂಜೆ ಒಂದು ಮೂಟೆ ಹಸಿಮೆಣಸಿನಕಾಯಿಯನ್ನು ಅಂಗಡಿಯ ಮುಂದೆಯೇ ಸುಡಿಸಿ ತಂದಿದ್ದೆ. ರಾತ್ರಿಯೆಲ್ಲ ಚೀಲದೊಳಗೆ ಬೆವತು ಸಿಪ್ಪೆ ಸಡಿಲವಾಗಿತ್ತು. ಸೆಪ್ಟೆಂಬರಿನಲ್ಲಿ ಈ ಕೆಲಸ ಮುಗಿಸಿ ಚೀಲಗಳಲ್ಲಿ ತುಂಬಿ ಫ್ರೀಜರಿಗೆ ಹಾಕುವವರೆಗೆ ನಮ್ಮ ಬೀದಿಯ ಯಾವ ಹೆಂಗಸಿಗೂ ಸಮಾಧಾನವಿರುವುದಿಲ್ಲ. ನನ್ನ ಮಗಳು ಪಲೋಮಾ, ಎಂಟು ವರ್ಷದವಳು, ಸ್ಟೂಲಿನ ಮೇಲೆ ನಿಂತು ಸುಲಿದ ಕಾಯಿಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡ ಅಂತ ನಾನು ಹತ್ತು ಸಲವಾದರೂ ಹೇಳಿದ್ದೆ.

ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೆಳಗೆ ನೆಲಮಾಳಿಗೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಶುರುವಾಯಿತು.

"ರೂಡಿ ಮಾಮ ನೀರು ನಿಲ್ಸಿದಾನೆ," ಎಂದಳು ಪಲೋಮಾ, ಕಾಯಿಗಳ ಮೇಲಿಂದ ಕಣ್ಣು ತೆಗೆಯದೆ.

ರೂಡಿ ನನ್ನ ತಮ್ಮ. ನಮ್ಮ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಪೈಪ್ ಕೆಲಸ ಮಾಡಿದವನು. ಮೂರು ವರ್ಷದಿಂದ ನಮ್ಮ ನೆಲಮಾಳಿಗೆಯಲ್ಲೇ ಇದ್ದಾನೆ. ಮಾತ್ರೆ ತೆಗೆದುಕೊಳ್ಳುವ ತಿಂಗಳುಗಳಲ್ಲಿ ಅವನಷ್ಟು ನಗಿಸುವವನು, ಅವನಷ್ಟು ಚೆನ್ನಾಗಿ ಪಲೋಮಾಳ ಜಡೆ ಹೆಣೆಯುವವನು ಇನ್ನೊಬ್ಬನಿಲ್ಲ. ಮಾತ್ರೆ ಬಿಟ್ಟ ತಿಂಗಳುಗಳಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ. ಈ ಸಲ ನಾಲ್ಕು ರಾತ್ರಿಗಳಾಗಿದ್ದವು. ಅವನ ನಡಿಗೆ ನನ್ನ ಮಂಚದ ಕೆಳಗೇ ಓಡಾಡುತ್ತಿತ್ತು. ಆ ಗೋಡೆಯಿಂದ ಈ ಗೋಡೆಗೆ ಹನ್ನೊಂದು ಹೆಜ್ಜೆ, ತಿರುಗಿ ಹನ್ನೊಂದು.

ಮೆಟ್ಟಿಲ ಬಾಗಿಲು ತೆಗೆದು ಕೂಗಿದೆ. "ರೂಡಿ! ಏನೋ ಮಾಡ್ತಿದೀಯ?"

"ಕುಡೀಬೇಡಿ!" ಕೆಳಗಿನಿಂದ ಅವನ ದನಿ ಬಂತು. "ವೆರ್ಕಾ, ಮಗೂಗೆ ಕುಡಿಸ್ಬೇಡ. ನೀರಲ್ಲಿ ಏನೋ ಬಿಟ್ಟಿದಾರೆ. ಪೈಪ್ ಪೂರ್ತಿ ಬಿಚ್ತೀನಿ, ಆಮೇಲೆ ನೋಡೋಣ."

ವೆರ್ಕಾ ಅಂತ ನನ್ನನ್ನು ಕರೆಯುತ್ತಿದ್ದದ್ದು ನಮ್ಮ ಅಜ್ಜಿ. ಈಗ ಉಳಿದಿರುವುದು ಅವನೊಬ್ಬನ ಬಾಯಲ್ಲಿ. ಉಳಿದವರಿಗೆಲ್ಲ ನಾನು ವೇರಾ.

"ಒಂದ್ ಲೋಟ ಕಾಫಿ ಕುಡಿಯೋ, ಆಮೇಲೆ ಬಿಚ್ಚು."

"ಯಾವ ನೀರಲ್ಲಿ ಮಾಡ್ದೆ ಕಾಫಿ?"

ಅಷ್ಟರಲ್ಲಿ ಏನೋ ಕಳಚಿ ನೆಲಕ್ಕೆ ಬಿದ್ದು ಉರುಳಿತು. ಆ ಪೈಪುಗಳ ಪಕ್ಕದಲ್ಲೇ ಗ್ಯಾಸಿನ ಪೈಪೂ ಇದೆ.

ಪೊಲೀಸರಿಗೆ ಫೋನ್ ಮಾಡಬೇಕು. ಅದು ನನಗೆ ತಕ್ಷಣ ಗೊತ್ತಾಯಿತು. ಮಾಡಬಾರದು ಅನ್ನುವುದೂ ಅಷ್ಟೇ ಬೇಗ ಗೊತ್ತಾಯಿತು.

ಎರಡು ಚಳಿಗಾಲದ ಹಿಂದೆ ನಾನು ಫೋನ್ ಮಾಡಿದ್ದೆ. ಆಗ ಅವನ ಕೈಯಲ್ಲಿದ್ದದ್ದು ಹಿಮ ಎತ್ತುವ ಸಲಿಕೆ. ಪೊಲೀಸರ ಮೂರು ಕಾರುಗಳು ದೀಪ ಹಾಕಿಕೊಂಡು, ಕೂಗಿಕೊಂಡು ಬಂದವು. ಸಲಿಕೆ ಕೆಳಗಿಡು ಅಂತ ನಾಲ್ಕು ಜನ ನಾಲ್ಕು ಕಡೆಯಿಂದ ಅರಚಿದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಅವನು ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಹಿಮದಲ್ಲಿ ಮುಖ ಅಡಿಯಾಗಿ ಕೆಡವಿ ಕೈಕೋಳ ಹಾಕಿದಾಗ ಅವನ ಭುಜ ಕಳಚಿತು. ಎದುರು ಮನೆಯವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ಮನೆಗೆ ಬಂದ ದಿನ ಅವನು ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ಇನ್ಯಾವತ್ತೂ ಅವ್ರನ್ನ ಕರೀಬೇಡ ವೆರ್ಕಾ, ಮಾತು ಕೊಡು," ಅಂದ. ಕೊಟ್ಟೆ. ಮೇಜಿನ ಕೆಳಗೆ ಗೊಂಬೆ ಇಟ್ಟುಕೊಂಡು ಕೂತಿದ್ದ ಪಲೋಮಾ ಎಲ್ಲ ಕೇಳಿಸಿಕೊಂಡಿದ್ದಳು.

ಅಲ್ಲಿಂದೀಚೆಗೆ ಊರಿನಲ್ಲಿ ಒಂದು ಬದಲಾವಣೆಯಾಗಿತ್ತು. ಇಂಥ ಮನೆಗಳಿಗೆ ಹೋಗಲೆಂದೇ ಒಂದು ಕಾರು ಮಾಡಿದ್ದರು. ಅದರಲ್ಲಿ ಒಬ್ಬ ಪೊಲೀಸು, ಒಬ್ಬ ಮನೋರೋಗದ ಆಪ್ತಸಲಹೆಗಾರ್ತಿ, ಇಬ್ಬರೂ ಒಟ್ಟಿಗೇ ಬರುತ್ತಾರೆ. ಚರ್ಚಿನಲ್ಲಿ ಅದರ ಬಗ್ಗೆ ಒಂದು ಚೀಟಿ ಹಂಚಿದ್ದರು. ಅದನ್ನು ನಾನು ರೂಡಿಗೆ ತೋರಿಸಿದ್ದೆ. "ಒಬ್ಬ ಹಿಡಿಯೋಕೆ, ಒಬ್ಬಳು ಸಮಾಧಾನ ಮಾಡೋಕೆ. ಪೊಲೀಸ್ ಪೊಲೀಸೇ ಬಿಡು," ಅಂದು ನಕ್ಕಿದ್ದ.

ನಲ್ಲಿ ನಡೆಯುತ್ತಿದ್ದರೆ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಮಾತಾಡುತ್ತಿದ್ದೆನೇನೋ. ಬಟ್ಟೆ ಒಗೆಯುವ ಕೋಣೆಗೆ ಹೋದೆ. ನನ್ನ ಮಾತು ಕೆಳಗೆ ಕೇಳಿಸದಿರಲೆಂದು ಬಟ್ಟೆ ಒಣಗಿಸುವ ಯಂತ್ರಕ್ಕೆ ಪಲೋಮಾಳ ಒಂದು ಜೊತೆ ಬೂಟು ಹಾಕಿ ತಿರುಗಿಸಿದೆ. ಢಬ ಢಬ ಸದ್ದು ಗೋಡೆಯನ್ನೇ ಅಲ್ಲಾಡಿಸಿತು. ಕೈಯಲ್ಲಿ ಮೆಣಸಿನ ಉರಿ. ಫೋನಿನ ಗುಂಡಿ ಒತ್ತಿದ ಬೆರಳು ಅರಿಯದೆ ಕಣ್ಣಿಗೂ ಹೋಯಿತು.

"ಆಯುಧ ಏನಾದ್ರೂ ಇದೆಯಾ ಮೇಡಂ?" ಎಂದು ಆ ಕಡೆ ತುರ್ತು ಕರೆ ತೆಗೆದುಕೊಂಡ ಹುಡುಗಿ ಕೇಳಿದಳು.

"ಇಲ್ಲ. ಪೈಪ್ ರೆಂಚು ಇದೆ. ಅದು ಆಯುಧ ಅಲ್ಲಮ್ಮ, ಅವನ ಕೆಲಸದ ಸಾಮಾನು."

"ಯಾರಿಗಾದ್ರೂ ಹೊಡೀತೀನಿ ಅಂದಿದಾರಾ?"

"ಪೈಪಿಗೆ ಮಾತ್ರ ಹೊಡೀತಿದಾನೆ. ನೋಡಿ, ನಂಗೆ ಆ ಇಬ್ಬರು ಬರೋ ಕಾರು ಬೇಕು. ಬೇರೆ ಯಾರೂ ಬೇಡ. ದೀಪ ಬೇಡ, ಸದ್ದು ಬೇಡ."

"ಅವ್ರು ಹೊಳೆ ಆಚೆ ಇನ್ನೊಂದು ಮನೇಲಿದಾರೆ. ಕಡಿಮೆ ಅಂದ್ರೂ ನಲವತ್ತು ನಿಮಿಷ. ಹತ್ತಿರದ ಗಸ್ತು ಕಾರು ನಾಲ್ಕೇ ನಿಮಿಷದಲ್ಲಿ ಬರುತ್ತೆ, ಕಳಿಸ್ಲಾ?"

ಕೆಳಗೆ ಮತ್ತೊಂದು ಪೈಪು ಕಳಚಿತು.

"ಕಾಯ್ತೀನಿ," ಅಂದೆ.

"ಗ್ಯಾಸ್ ವಾಸನೆ ಬಂದ್ರೆ, ಇಲ್ಲಾ ಅವ್ರು ಯಾರ ಮೇಲಾದ್ರೂ ಕೈ ಎತ್ತಿದ್ರೆ ತಕ್ಷಣ ಮನೆಯಿಂದ ಹೊರಗೆ ಬಂದು ಫೋನ್ ಮಾಡಿ. ಆಗ ನಾನು ಯಾರಿದ್ರೆ ಅವ್ರನ್ನ ಕಳಿಸ್ಬೇಕಾಗುತ್ತೆ."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಪಲೋಮಾ, ಕೈಯಲ್ಲಿ ಒದ್ದೆ ಟವೆಲ್ಲು. ಫ್ರಿಜ್ಜಿನಲ್ಲಿದ್ದ ಹಾಲಿನಲ್ಲಿ ಅದ್ದಿ ತಂದಿದ್ದಳು. "ಕಣ್ಣಿಗೆ ಒತ್ಕೋ. ಮೆಣಸಿನಕಾಯಿಗೆ ಹಾಲೇ ಆಗ್ಬೇಕು," ಅಂದಳು. ಅವಳ ಮುಖ ನೋಡಿದೆ. ಎಲ್ಲ ಕೇಳಿಸಿಕೊಂಡಿದ್ದಳು.

ಆ ನಲವತ್ತು ನಿಮಿಷ ನಾನು ಒಂದು ಕಡೆ ನಿಲ್ಲಲಿಲ್ಲ. ಕಿಟಕಿಗೆ ಹೋದೆ, ಸಿಂಕಿಗೆ ಬಂದೆ, ಒಂದು ಕಾಯಿ ಸುಲಿದೆ, ಮತ್ತೆ ಕಿಟಕಿಗೆ ಹೋದೆ. ಹತ್ತು ಸಲ ಮೂಗೆತ್ತಿ ಗ್ಯಾಸಿನ ವಾಸನೆ ನೋಡಿದೆ. ಸುಟ್ಟ ಮೆಣಸಿನ ಘಾಟು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಪಲೋಮಾಳಿಗೆ ಜಾಕೆಟ್ಟು ಹಾಕಿಸಿ, ಸೆಕೆ ಅಂದಳೆಂದು ಬಿಚ್ಚಿಸಿ, ಮತ್ತೆ ಹಾಕಿಸಿದೆ. ಪಕ್ಕದ ಮನೆಗೆ ಹೋಗಿರು ಅಂದರೆ ಸ್ಟೂಲು ಬಿಟ್ಟು ಇಳಿಯಲಿಲ್ಲ.

ರೂಡಿ ಮೇಲೆ ಬಂದ. ತೊಡೆಯುದ್ದದ ರೆಂಚು ಕೈಯಲ್ಲಿ, ಷರಟೆಲ್ಲ ಒದ್ದೆ, ಕಣ್ಣು ಕೆಂಡದಂತಿತ್ತು.

"ಯಾರ ಜೊತೆ ಮಾತಾಡ್ತಿದ್ದೆ?"

"ರಮೋನ್ ಜೊತೆ." ನನ್ನ ಗಂಡ ಸರಕಿನ ರೈಲಿನಲ್ಲಿ ಕೆಲಸ ಮಾಡುತ್ತಾನೆ; ಆವತ್ತು ಕಾನ್ಸಾಸಿನ ದಾರಿಯಲ್ಲಿದ್ದ.

"ಅವ್ರನ್ನ ಕರೀಲಿಲ್ಲ ತಾನೇ?"

"ಇಲ್ಲ ಕಣೋ."

"ನಂಗೊತ್ತು. ನೀನು ಮಾತು ಕೊಟ್ಟಿದೀಯ." ಅವನು ಪಲೋಮಾಳ ಕಡೆ ತಿರುಗಿ ನಗಲು ನೋಡಿದ. "ಏನಮ್ಮ ಮೇಸ್ತ್ರಿ, ಎಷ್ಟು ಚೀಲ ಆಯ್ತು?"

"ಒಂಬತ್ತು."

"ನೀರು ಮುಟ್ಟಿಲ್ಲ ತಾನೇ?"

"ಮುಟ್ಟಿಲ್ಲ ಮಾಮ."

ಅವನು ಗ್ಯಾರೇಜಿಗೆ ಹೋದ. ಅಲ್ಲಿಂದ ರಸ್ತೆಯ ಪೈಪನ್ನು ನೋಡಬೇಕಂತೆ. ದೊಡ್ಡ ಬಾಗಿಲು ಮೇಲೆದ್ದಿತು. ಅದೇ ಹೊತ್ತಿಗೆ ಬೂದು ಬಣ್ಣದ ಕಾರೊಂದು ದೀಪವಿಲ್ಲದೆ, ಸದ್ದಿಲ್ಲದೆ ಬಂದು ಎರಡು ಮನೆ ಆಚೆ ನಿಂತಿತು. ನಾನು ಓಡಿದೆ.

ಮೊದಲು ಇಳಿದವನು ಪೊಲೀಸು. ನೀಲಿ ಟೀ ಷರಟು, ಸೊಂಟದಲ್ಲಿ ಪಟ್ಟಿ, ಪಟ್ಟಿಯಲ್ಲಿ ಪಿಸ್ತೂಲು. ಆರ್ಚುಲೆಟಾ ಅಂತ ಎದೆಯ ಮೇಲೆ ಹೆಸರು. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಅವನ ಹಿಂದೆ ಐದಾರು ಹೆಜ್ಜೆ ಬಿಟ್ಟು ಒಬ್ಬ ಹೆಂಗಸು, ಕ್ಯಾನ್ವಾಸ್ ಬೂಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಅವನು ಸೈ ಅನ್ನುವವರೆಗೆ ಅವಳು ಮುಂದೆ ಬರುವುದಿಲ್ಲ, ಅದು ಅವರ ಪದ್ಧತಿ. ಅವನು ಸೈ ಅಂದ ಮೇಲೆ ಮಾತೆಲ್ಲ ಅವಳದು.

ರೂಡಿ ಅವರನ್ನು ಕಂಡ. ರೆಂಚು ಎದೆಯ ಮಟ್ಟಕ್ಕೆ ಏರಿತು.

ನನಗೆ ಮತ್ತೆ ಅದೇ ನೆನಪಾಯಿತು: ಸಲಿಕೆ, ಹಿಮ, ಭುಜ ಕಳಚಿದ ಸದ್ದು.

ಆರ್ಚುಲೆಟಾ ಅರಚಲಿಲ್ಲ. ಇದ್ದಲ್ಲೇ ನಿಂತ. ಎರಡೂ ಕೈ ಕಾಣುವಂತೆ ಮುಂದೆ ಜೋಡಿಸಿಕೊಂಡ. "ಗುರುವೇ, ಅದು ಇಪ್ಪತ್ನಾಲ್ಕು ಇಂಚಿಂದಾ?"

ರೂಡಿ ರೆಂಚನ್ನೇ ನೋಡಿಕೊಂಡ. "ಹದಿನೆಂಟು."

"ನಮ್ಮಪ್ಪಂದೂ ಅಷ್ಟೇ ಇತ್ತು. ಕಾಲ್ಬೆರಳ ಮೇಲೆ ಬೀಳಿಸ್ಕೊಂಡು ಒಂದು ತಿಂಗಳು ಕುಂಟಿದ್ರು. ಕೆಳಗಿಡ್ತೀಯಾ? ನಂಗೆ ಸ್ವಲ್ಪ ಪುಕ್ಕಲು."

"ಪಿಸ್ತೂಲು ಇಟ್ಕೊಂಡೋನು ನೀನು, ಪುಕ್ಕಲು ನಿಂಗೇ?"

"ಅದಕ್ಕೇ ಇಟ್ಕೊಂಡಿರೋದು," ಅಂದ ಆರ್ಚುಲೆಟಾ.

ಹಿಂದಿದ್ದ ಹೆಂಗಸು ನಕ್ಕಳು. ರೂಡಿ ನಗಲಿಲ್ಲ, ಆದರೆ ರೆಂಚು ಒಂದು ಗೇಣು ಇಳಿಯಿತು.

"ನಾನು ಕೊರಿನ್," ಅಂದಳು ಅವಳು, ನಿಂತಲ್ಲಿಂದಲೇ. "ನಾನು ಪೊಲೀಸಲ್ಲ. ನೀವು ನಾಲ್ಕು ದಿನದಿಂದ ಮಲಗಿಲ್ಲ ಅಂತ ಕೇಳ್ದೆ. ಹೇಗಿದೀರ ಅಂತ ನೋಡೋಕೆ ಬಂದಿದೀನಿ."

"ಯಾರು ಕರೆದಿದ್ದು?"

"ಅದನ್ನ ನಾನು ಹೇಳಲ್ಲ ರೂಡಿ. ಸುಳ್ಳೂ ಹೇಳಲ್ಲ. ಯಾರಿಗೋ ನಿಮ್ಮ ಬಗ್ಗೆ ಚಿಂತೆ ಆಗಿದೆ, ಅಷ್ಟು ನಿಜ."

"ಯಾರು ಕರೆದಿದ್ದು ಅಂತ ಕೇಳ್ದೆ!" ರೆಂಚು ಮತ್ತೆ ಏರಿತು. ಆರ್ಚುಲೆಟಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಕೊರಿನಳಿಗೂ ರೂಡಿಗೂ ನಡುವೆ. ಅವನ ಕೈಗಳು ಬೇರೆಯಾದವು. ಒಂದು ಕೈ ಪಟ್ಟಿಯ ಹತ್ತಿರಕ್ಕೆ ಬಂದದ್ದನ್ನು ನಾನು ನೋಡಿದೆ, ರೂಡಿಯೂ ನೋಡಿದ.

ಆಮೇಲೆ ಅವನು ನನ್ನ ಕಡೆ ತಿರುಗಿದ. "ವೆರ್ಕಾ. ನೀನಾ?"

ಹೌದು ಅಂದಿದ್ದರೆ ಏನಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಿ ತೆರೆದೆ. ಆಗ ನನ್ನ ಸೊಂಟದ ಪಕ್ಕದಿಂದ ಪಲೋಮಾಳ ದನಿ ಕೇಳಿಸಿತು.

"ನಾನು ಮಾಮ. ನಾನೇ ಫೋನ್ ಮಾಡಿದ್ದು."

"ನೀನಾ?"

"ನೀರು ಬರ್ತಿರ್ಲಿಲ್ಲ. ನೀನು ಒಡೀತಿದ್ದೆ. ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ, ಭಯ ಆದ್ರೆ ಮಾಡಿ ಅಂತ."

ಕೊರಿನ್ ನನ್ನನ್ನು ನೋಡಿದಳು. ಕರೆ ಮಾಡಿದವರ ಹೆಸರು ಅವಳ ಫೋನಿನಲ್ಲೇ ಇತ್ತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

"ನಿಂಗೆ ಭಯ ಆಯ್ತಾ, ಪುಟ್ಟಿ?" ಎಂದು ಕೇಳಿದ ರೂಡಿ.

"ಹೂಂ."

ಇದೊಂದು ಮಾತ್ರ ಸುಳ್ಳಲ್ಲ. ಅವನು ರೆಂಚನ್ನು ಸಿಮೆಂಟು ನೆಲದ ಮೇಲೆ, ಮಲಗಿದ ಮಗುವಿನ ಪಕ್ಕ ಇಡುವಂತೆ ಮೆಲ್ಲಗೆ ಇಟ್ಟ. ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಮುಖ ಮುಚ್ಚಿಕೊಂಡ. "ಮಗೂಗೆ ಭಯ ಆಗೋ ಹಾಗೆ ಮಾಡ್ಬಿಟ್ನಲ್ಲ," ಅಂದ. ಆರ್ಚುಲೆಟಾ ಸೈ ಅಂತ ತಲೆಯಾಡಿಸಿದ. ಕೊರಿನ್ ಬಂದು ರೂಡಿಯ ಎದುರು ನೆಲದ ಮೇಲೆಯೇ ಕೂತಳು. ಮುಕ್ಕಾಲು ಗಂಟೆ ಕೂತಿದ್ದಳು. ನೀರಿನ ಬಗ್ಗೆ ಅವನು ಹೇಳಿದ್ದನ್ನೆಲ್ಲ ಕೇಳಿದಳು; ಅದು ನಿಜ ಅನ್ನಲಿಲ್ಲ, ಹುಚ್ಚು ಅನ್ನಲೂ ಇಲ್ಲ. "ನಾಲ್ಕು ರಾತ್ರಿ ಮಲಗದಿದ್ರೆ ನಂಗೂ ನನ್ನ ಮನೆ ಮೇಲೇ ಅನುಮಾನ ಬರುತ್ತೆ," ಅಂದಳು. ಆರ್ಚುಲೆಟಾ ಆ ಹೊತ್ತಿನಲ್ಲಿ ನೆಲಮಾಳಿಗೆಗೆ ಹೋಗಿ ಗ್ಯಾಸಿನ ಪೈಪು ನೋಡಿ ಬಂದ. ಅದು ಮುಟ್ಟದೆ ಹಾಗೇ ಇತ್ತು.

ಕೈಕೋಳ ಹಾಕಲಿಲ್ಲ. ಜೇಬು ನೋಡಬಹುದಾ ಅಂತ ಕೇಳಿಯೇ ನೋಡಿದರು. ಹಿಂದಿನ ಸೀಟಿನಲ್ಲಿ ಕೊರಿನಳ ಪಕ್ಕ ಕೂತು ರೂಡಿ ಆಸ್ಪತ್ರೆಗೆ ಹೊರಟ. ಕಿಟಕಿ ಇಳಿಸಿ, "ವೆರ್ಕಾ, ಮಗೂನ ಬೈಬೇಡ. ನೀನು ಮಾತು ಉಳಿಸ್ಕೊಂಡೆ, ಅದು ಸಾಕು," ಅಂದ.

ಕಾರು ಹತ್ತುವ ಮೊದಲು ಕೊರಿನ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದಳು. "ಅವ್ರು ನನ್ನನ್ನ ಮತ್ತೆ ಕೇಳಿದ್ರೂ ನಾನು ಹೇಳಲ್ಲ. ಆದ್ರೆ ಮಗುವೇ ಮಾಡಿದ್ದು ಅಂತ ಹೂಂಗುಟ್ಟೋಕೂ ನನ್ನಿಂದ ಆಗಲ್ಲ. ಒಂದು ಸುಳ್ಳು ಸಿಕ್ಕಿಬಿದ್ರೆ, ಮುಂದಿನ ಸಲ ಅವ್ರು ನಮ್ಮ ಮುಂದೆ ರೆಂಚು ಕೆಳಗಿಡಲ್ಲ. ನೀವೇ ಹೇಳಿ. ಅವ್ರು ಸ್ವಲ್ಪ ಸುಧಾರಿಸ್ಲಿ, ಆಮೇಲೆ."

"ಹೇಳ್ತೀನಿ," ಅಂದಿದ್ದೆ.

ಅವನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಪೈಪಿನವನು ಬಂದು ನೀರು ಸರಿಮಾಡಿದ. ಉಳಿದ ಮೆಣಸಿನಕಾಯಿ ಅರ್ಧ ಹಳಸಿತು, ಅರ್ಧ ಸುಲಿದೆ. ದಿನಾ ಸಂಜೆ ಆಸ್ಪತ್ರೆಗೆ ಹೋಗುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವನ ಕೈ ನಡುಗುತ್ತಿದ್ದದ್ದು ಕಂಡು ನಾಳೆ ಅಂದುಕೊಂಡೆ. ಮಾತು ಎಳೆದೆಳೆದು ಬರುತ್ತಿದ್ದದ್ದು ಕೇಳಿ ಮನೆಗೆ ಬರಲಿ ಅಂದುಕೊಂಡೆ. ರಮೋನ್ ಫೋನಿನಲ್ಲಿ, "ಅದನ್ಯಾಕೆ ಕೆದಕ್ತೀಯ? ಎಲ್ಲ ಸುಸೂತ್ರ ಆಯ್ತಲ್ಲ," ಅಂದ. ಅವನ ಮಾತು ಹಿಡಿದುಕೊಂಡು ಎರಡು ದಿನ ಕಳೆದೆ.

ಪಲೋಮಾ ಸರಿಯಾಗಿ ಊಟ ಮಾಡಲಿಲ್ಲ. ಬೀದಿಯಲ್ಲಿ ಎಲ್ಲರೂ ಅವಳನ್ನು ಹೊಗಳತೊಡಗಿದ್ದರು. ಪಕ್ಕದ ಮನೆಯಾಕೆ ಅವಳಿಗೆಂದು ಬಾದಾಮಿ ಬಿಸ್ಕತ್ತು ಮಾಡಿ ತಂದು, "ಎಷ್ಟು ಧೈರ್ಯ ಈ ಪುಟಾಣಿಗೆ!" ಅಂತ ಕೆನ್ನೆ ಹಿಂಡಿದಳು. ಪಲೋಮಾ ತಟ್ಟೆಯನ್ನು ಫ್ರಿಜ್ಜಿನ ಮೇಲೆ, ತನ್ನ ಕೈಗೆ ಎಟುಕದ ಕಡೆ ಇಡು ಅಂದಳು. ಸ್ನಾನ ಮಾಡಿಸುವಾಗ ಒಮ್ಮೆ, ಜಡೆ ಹಾಕುವಾಗ ಒಮ್ಮೆ, "ಅಮ್ಮಾ..." ಅಂತ ಶುರುಮಾಡಿದಳು.

"ಏನು ಮರಿ?"

"ಏನಿಲ್ಲ."

ನಾನು ಬಿಡಿಸಿ ಕೇಳಲಿಲ್ಲ. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಾಕಿದೆ. ಅವಳು ನೋಯುತ್ತೆ ಅನ್ನಲಿಲ್ಲ.

ಹತ್ತನೆಯ ದಿನ ರೂಡಿ ಮನೆಗೆ ಬಂದ. ಮಾರನೆಯ ದಿನ ಮಧ್ಯಾಹ್ನ ಅದೇ ಬೂದು ಕಾರು ಬಂತು. ಹೀಗೆ ಮನೆಗೆ ಮರಳಿದವರನ್ನು ಒಮ್ಮೆ ನೋಡಿಕೊಂಡು ಹೋಗುವುದೂ ಅವರ ಪದ್ಧತಿ. ಮೆಣಸಿನಕಾಯಿ, ಹಂದಿಮಾಂಸದ ಸಾರು ಕುದಿಯುತ್ತಿತ್ತು. ಆರ್ಚುಲೆಟಾ ಬಾಗಿಲಲ್ಲೇ ಮೂಗರಳಿಸಿ, "ಇವತ್ತು ನಾನು ಡ್ಯೂಟಿಗಲ್ಲ, ಊಟಕ್ಕೇ ಬಂದಿದ್ದು ಅಂತ ಬರ್ಕೊಳ್ಳಿ," ಅಂದ.

"ಪುಕ್ಕಲು ಪೊಲೀಸು ಬಂದ," ಅಂದ ರೂಡಿ. ಅವನ ನಗು ಇನ್ನೂ ನಿಧಾನ, ಆದರೆ ಅದು ಅವನದೇ ನಗು.

ಸಾರು, ರೊಟ್ಟಿ ಆಯಿತು. ಕೊರಿನ್ ಒಂದು ಹಾಳೆ ತೆಗೆದಳು. ಮುಂದೆ ಯಾವಾಗಲಾದರೂ ಹೀಗಾದರೆ ಏನು ಮಾಡಬೇಕೆಂದು ರೂಡಿಯೇ, ಬುದ್ಧಿ ನೆಟ್ಟಗಿರುವಾಗ, ಹೇಳಿ ಬರೆಸಬೇಕು. ಅದು ಕರೆ ತೆಗೆದುಕೊಳ್ಳುವ ಹುಡುಗಿಯರ ಕಂಪ್ಯೂಟರಿನಲ್ಲಿರುತ್ತದೆ. ಏನು ಮಾಡಿದರೆ ಸಮಾಧಾನ? ಅರಚಬಾರದು, ಒಬ್ಬರೇ ಮಾತಾಡಬೇಕು. ಏನು ಮಾಡಬಾರದು? ಹಿಂದಿನಿಂದ ಬರಬಾರದು, ಎಡಭುಜ ಮುಟ್ಟಬಾರದು. ಎಲ್ಲವನ್ನೂ ಅವನು ಯೋಚಿಸಿ ಹೇಳಿದ. ಕೊರಿನ್ ಬರೆದುಕೊಂಡಳು.

"ಕೊನೇದು," ಅಂದಳು. "ನಿಮಗೆ ಹುಷಾರಿಲ್ಲ ಅನ್ನಿಸಿದಾಗ ನಮ್ಮನ್ನ ಕರೆಯೋ ಅಧಿಕಾರ ಯಾರಿಗೆ ಕೊಡ್ತೀರ? ನೀವು ನಂಬೋ ಒಬ್ಬರ ಹೆಸರು."

"ಪಲೋಮಾ," ಅಂದ ರೂಡಿ, ತಕ್ಷಣ.

ಸಿಂಕಿನ ಮುಂದೆ ನಿಂತಿದ್ದ ನನ್ನ ಕೈಯಲ್ಲಿ ತಟ್ಟೆ ನಿಂತಿತು.

"ಅವಳಿಗೆ ಎಂಟು ವರ್ಷ," ಎಂದಳು ಕೊರಿನ್. "ದೊಡ್ಡವರ ಹೆಸರು ಬೇಕು."

"ದೊಡ್ಡವರಿಗೆ ಆಗ್ಲಿಲ್ವಲ್ಲ, ಅವಳಿಗೆ ಆಯ್ತು. ವೆರ್ಕಾಳ ಹೆಸರು ಬರೀಬೇಡಿ. ಅವಳು ನಂಗೆ ಮಾತು ಕೊಟ್ಟಿದಾಳೆ. ಮನೆ ಮುಳುಗಿದ್ರೂ ಮಾತು ಮುರೀಲಿಲ್ಲ, ನೀವೇ ನೋಡಿದ್ರಲ್ಲ. ಅವಳ ಕೈಲಿ ಈಗ ಮುರಿಸೋದು ಬೇಡ." ಅವನು ಕೈ ಚಾಚಿ ಪಲೋಮಾಳ ತಲೆ ಸವರಿದ. "ಇವಳೇ ಇರ್ಲಿ. ಮುಂದಿನ ಸಲಾನೂ ನೀನೇ ಮಾಡ್ತೀಯಲ್ಲ ಪುಟ್ಟಿ?"

ಕೊರಿನ್ ಪೆನ್ನು ಎತ್ತಿ ಹಿಡಿದುಕೊಂಡು ಕೂತಳು. ಬರೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆರ್ಚುಲೆಟಾ ಖಾಲಿ ಬಟ್ಟಲಿನ ತಳವನ್ನು ರೊಟ್ಟಿಯಿಂದ ಒರೆಸುತ್ತಲೇ ಇದ್ದ.

ಪಲೋಮಾ ಕುರ್ಚಿಯಿಂದ ಇಳಿದಳು. ಮೇಜು ಸುತ್ತಿ ಬಂದು ನನ್ನ ಎದುರು ನಿಂತು ಮುಖವೆತ್ತಿದಳು. ಹನ್ನೊಂದು ದಿನದಿಂದ ಅರ್ಧಕ್ಕೇ ನುಂಗುತ್ತಿದ್ದದ್ದನ್ನು ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಮ್ಮಾ, ನೀನೇ ಹೇಳ್ತೀಯಾ, ನಾನು ಹೇಳ್ಲಾ?"